ಸಂಬಂಧಿಕರು ಬರೆಯುವಂತಿಲ್ಲ

ಅಕ್ಕನ ಮನೆ, ಮಹಡಿ ಕೋಣೆ
ಭಾನುವಾರ ಮಧ್ಯಾಹ್ನ

ಸರ್,

ಮೊದಲು ‘ರೀ’ ಎಂದು ಬರೆದು ಹೊಡೆದುಹಾಕಿದೆ. ಮೇಲೆ ಕಾಣುವ ಕಪ್ಪು ಗೀಟು ಅದೇ. ಬರೆಯುತ್ತಿರುವುದು ಕೆಲಸದ ವಿಷಯವಾದ್ದರಿಂದ ಲ್ಯಾಬಿನಲ್ಲಿ ಕರೆಯುತ್ತಿದ್ದ ಹಾಗೆಯೇ ಇರಲಿ. ನಾವು ಬೇರೆಯಾಗಿ ಒಂದೂವರೆ ವರ್ಷವಾದರೂ ಅತ್ತೆ ನನಗೆ ಫೋನ್ ಮಾಡುವುದನ್ನು ಬಿಟ್ಟಿಲ್ಲ, ನಾನು ಕೇಳದಿದ್ದರೂ ನಿಮ್ಮ ಸುದ್ದಿ ಹೇಳುವುದನ್ನೂ ಬಿಟ್ಟಿಲ್ಲ. ಹೊಸ ಊರಿನ ಲ್ಯಾಬಿನಲ್ಲಿ ನಿಮಗೆ ಕಿಟಕಿ ಪಕ್ಕದ ಮೇಜು ಸಿಕ್ಕಿದೆಯಂತೆ. ಒಳ್ಳೆಯದಾಯಿತು.

ವಿಷಯಕ್ಕೆ ಬರುತ್ತೇನೆ. ನಾನು ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದೇನೆ. ನಲವತ್ತರ ಹತ್ತಿರ ಬಂದು ಇದೇನು ಹುಚ್ಚು ಎಂದು ನೀವು ಕೇಳುವುದಿಲ್ಲ, ಗೊತ್ತು. ಕೇಳುವವರು ಇಲ್ಲಿದ್ದಾರೆ. “ಈ ವಯಸ್ಸಲ್ಲಿ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಹೋಗ್ತೀಯಾ? ಹುಡುಗರು ನಿನ್ನೇ ಟೀಚರ್ ಅಂದ್ಕೊಂಡು ಎದ್ದು ನಿಲ್ತಾರೆ ನೋಡು” ಎಂದು ಅಕ್ಕ ನಗುತ್ತಾಳೆ. ನಗಲಿ. ಬೇರೆಯವರು ತಂದಿಟ್ಟ ನೀರನ್ನು ಪರೀಕ್ಷಿಸಿ, ಬೇರೆಯವರು ಕೇಳಿದ ಅಂಕಿ ಬರೆದುಕೊಟ್ಟು ನನಗೆ ಸಾಕಾಗಿದೆ. ಆ ಅಂಕಿ ಯಾಕೆ ಹಾಗೆ ಬಂತು ಎಂದು ಕೇಳುವ ಕೆಲಸ ಬೇಕು. ಏನನ್ನಾದರೂ ಇಷ್ಟು ಗಟ್ಟಿಯಾಗಿ ಬೇಕು ಅಂದುಕೊಂಡು ಬಹಳ ಕಾಲವಾಗಿತ್ತು.

ನನ್ನ ವಿಷಯಕ್ಕೆ ಎರಡು ಕಡೆ ಜಾಗವಿತ್ತು. ಒಂದು ದೊಡ್ಡ ಹೆಸರಿನ ವಿಶ್ವವಿದ್ಯಾಲಯ, ನೀವಿರುವ ಊರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಇನ್ನೊಂದು ಚಿಕ್ಕದು, ರೈಲಿನಲ್ಲಿ ಇಡೀ ದಿನದ ದಾರಿ. ಹೆಸರು ನೋಡಬೇಡ, ಗೈಡ್ ಯಾರೆಂದು ನೋಡು ಎಂದು ಎಲ್ಲರೂ ಹೇಳುತ್ತಾರೆ. ಗೈಡನ್ನು ಅಳೆಯುವುದು ಹೇಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಕೊನೆಗೆ ನೀವು ಕಲಿಸಿದ ಉಪಾಯವನ್ನೇ ಮಾಡಿದೆ. ಹೊಸ ಯಂತ್ರ ಬಂದರೆ ಮೊದಲು ಉತ್ತರ ಗೊತ್ತಿರುವ ನೀರು ಕೊಟ್ಟು ನೋಡಬೇಕು ಅನ್ನುತ್ತಿದ್ದಿರಲ್ಲ? ಇಬ್ಬರು ಗೈಡುಗಳಿಗೂ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕಳಿಸಿದೆ. ಒಂದೇ ಕೊಳವೆಬಾವಿಯ ನೀರಿನಲ್ಲಿ ಬೆಳಗಿನ ಮಾದರಿಗೆ ಕಬ್ಬಿಣ ಹೆಚ್ಚು, ಸಂಜೆಯದಕ್ಕೆ ಕಡಿಮೆ ಬರುತ್ತಿತ್ತು, ಏಕಿರಬಹುದು?

ನಾವಿಬ್ಬರೂ ವಾರಗಟ್ಟಲೆ ತಲೆಕೆಡಿಸಿಕೊಂಡ ಬಾವಿ, ಮರೆತಿರಲಾರಿರಿ. ಸಂಜೆ ತಂದ ಬಾಟಲಿಗಳು ಆಸಿಡ್ ಹಾಕದೆ ಬೆಳಗಿನವರೆಗೆ ಕಪಾಟಿನಲ್ಲಿ ಕೂತಿರುತ್ತಿದ್ದವು, ಕಬ್ಬಿಣವೆಲ್ಲ ಬಾಟಲಿಯ ಒಳಮೈಗೆ ಅಂಟಿಕೊಳ್ಳುತ್ತಿತ್ತು. ಪಾಪ, ಬಾವಿಯದೇನೂ ತಪ್ಪಿರಲಿಲ್ಲ. ಅದು ಗೊತ್ತಾದ ದಿನ ನೀವು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಲ್ಯಾಬ್ ತುಂಬ ಕನ್ನಡಕ ಹುಡುಕಿದಿರಿ.

ದೊಡ್ಡ ವಿಭಾಗದವರು ಪುಟಗಟ್ಟಲೆ ಬರೆದರು. ಬಂಡೆಯ ಪದರ, ಅಂತರ್ಜಲದ ಏರಿಳಿತ, ಜೊತೆಗೆ ಓದಿಕೊಳ್ಳಲು ಅವರದೇ ಲೇಖನಗಳು. ಬರೆದದ್ದು ತಪ್ಪೆಂದಲ್ಲ, ಆದರೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಚಿಕ್ಕ ವಿಭಾಗದ ಪ್ರೊಫೆಸರಮ್ಮನಿಂದ ಒಂದೇ ಸಾಲು ಬಂತು. ಬಾಟಲಿಯನ್ನು ಎಷ್ಟು ಹೊತ್ತು ಇಟ್ಟಿದ್ದಿರಿ, ಆಸಿಡ್ ಹಾಕಿದ್ದಿರಾ ಎಂದು. ಅಲ್ಲಿಗೇ ಅರ್ಜಿ ಹಾಕುವುದೆಂದು ಆಗಲೇ ತೀರ್ಮಾನಿಸಿದೆ. ಓದಿದವರನ್ನು ಹೀಗೆ ಪರೀಕ್ಷೆ ಮಾಡುವುದು ಅಧಿಕಪ್ರಸಂಗ ಎಂದು ಅಕ್ಕ ಬೈದಳು. ನೀವಾಗಿದ್ದರೆ ಎರಡು ಪ್ರಶ್ನೆ ಕಳಿಸುತ್ತಿದ್ದಿರಿ.

ಈಗ ನಿಮ್ಮಿಂದ ಆಗಬೇಕಾದ ಕೆಲಸ. ನನ್ನ ಕೆಲಸವನ್ನು ವರ್ಷಗಳ ಕಾಲ ಹತ್ತಿರದಿಂದ ಕಂಡ ಮೇಲಧಿಕಾರಿಯ ಶಿಫಾರಸು ಪತ್ರ ಬೇಕು, ಈ ತಿಂಗಳ ಕೊನೆಯೊಳಗೆ. ಅದಿಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲ, ಆ ಪ್ರೊಫೆಸರಮ್ಮನೂ ಇದಾದ ಮೇಲೆ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲವಂತೆ. ನಿಮ್ಮ ಜಾಗಕ್ಕೆ ಬಂದ ಮುಖ್ಯಸ್ಥರು ಹೊಸಬರು, ನಾನು ಎಷ್ಟು ಗಂಟೆಗೆ ಬಂದೆ, ಎಷ್ಟು ಗಂಟೆಗೆ ಹೋದೆ ಎನ್ನುವುದರ ಆಚೆಗೆ ಅವರಿಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ. ನಿಮಗಿಂತ ಮೊದಲು ಮುಖ್ಯಸ್ಥರಾಗಿದ್ದು ನಮ್ಮಿಬ್ಬರಿಗೂ ಕೆಲಸ ಕಲಿಸಿದ, ಸದಾ ಬ್ಯೂರೆಟ್ಟಿನ ಗಾಜಿನ ಕೊಳವೆ ಹಿಡಿದೇ ಇರುತ್ತಿದ್ದ ಬ್ಯೂರೆಟ್ ಮೇಡಂಗೆ ಪತ್ರ ಹಾಕಿದ್ದೆ. ಮಗಳ ಮನೆಯಲ್ಲಿದ್ದಾರೆ, ಕಿವಿ ಮಂದವಾಗಿ ಫೋನ್ ಎತ್ತುವುದಿಲ್ಲ, ಪತ್ರಕ್ಕೂ ಉತ್ತರವಿಲ್ಲ. ಉಳಿದವರು ನೀವು.

ನನ್ನ ಕೆಲಸ ನಿಮ್ಮಷ್ಟು ಬಲ್ಲವರು ಬೇರೆ ಇಲ್ಲ ಬಿಡಿ. ನಾನು ಪರೀಕ್ಷಿಸಿದ ಒಂದೊಂದು ಮಾದರಿಯನ್ನೂ ನನಗೆ ಹೇಳದೆ ಇನ್ನೊಮ್ಮೆ ಪರೀಕ್ಷಿಸಿದವರು ನೀವು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ನಿಮ್ಮ ಅಕ್ಷರದ ಚೀಟಿ ಅಂಟಿಸಿದ ನನ್ನ ಬಾಟಲಿಗಳನ್ನು ಕಂಡ ದಿನ ಮೈ ಉರಿದುಹೋಗಿತ್ತು. ಮನೆಯಲ್ಲಿ ನಾನು ಗ್ಯಾಸ್ ಆರಿಸಿ ಬಂದ ಮೇಲೆ ನೀವು ಹೋಗಿ ನೋಡಿಬರುವುದನ್ನು, ನಾನು ಹಾಕಿದ ಬೀಗವನ್ನು ಜಗ್ಗಿ ನೋಡುವುದನ್ನು ಸಹಿಸಿಕೊಂಡಿದ್ದೆ. ಇದನ್ನು ಸಹಿಸಲಾಗಲಿಲ್ಲ. ಅದು ಅಭ್ಯಾಸ, ಅನುಮಾನವಲ್ಲ ಎಂದಿರಿ. ನಾನು ನಂಬಲಿಲ್ಲ. ಈಗ ಅದೇ ಉಪಯೋಗಕ್ಕೆ ಬರುತ್ತಿದೆ, ನನ್ನ ಅಂಕಿ ಎಂದಾದರೂ ತಪ್ಪಿತ್ತೇ ಎಂದು ನೀವು ಆಣೆ ಮಾಡಿ ಹೇಳಬಲ್ಲಿರಿ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕು. ಹೊಗಳಿಕೆ ಬೇಡ, ಅದು ನಿಮಗೆ ಬರುವುದೂ ಇಲ್ಲ.

ಒಂದೇ ತೊಡಕು. ಸಂಬಂಧಿಕರು ಶಿಫಾರಸು ಬರೆಯುವಂತಿಲ್ಲ ಎಂದು ನಿಯಮವಿದೆ. ಗಂಡ ಹೆಂಡತಿ ಎಂದು ಬಿಡಿಸಿಯೇ ಹೇಳಿದ್ದಾರೆ. ಅಲ್ಲಿಯ ಕಚೇರಿಗೆ ಫೋನ್ ಮಾಡಿ ವಿಚಾರಿಸಿದೆ. ಗುಮಾಸ್ತೆ ಒಳಗೆ ಕೇಳಿಕೊಂಡು ಬಂದು, “ಡೈವೋರ್ಸ್ ಅರ್ಜಿ ಕೋರ್ಟಿಗೆ ಹೋಗಿದ್ರೆ ಸಾಕು ಮೇಡಂ, ಹಳೇ ಬಾಸ್ ಅಂತ ತಗೋತೀವಿ” ಎಂದಳು. ಬಹಳ ಒಳ್ಳೆಯ ಹುಡುಗಿ.

ವಿಚ್ಛೇದನದ ಕಾಗದಗಳನ್ನು ಕೇಳಿದವಳು ನಾನೇ. ಕೇಳಿದ ವಾರವೇ ಸಹಿ ಹಾಕಿ ಕಳಿಸಿದಿರಿ, ಕೆಲಸ ಬಾಕಿ ಇಟ್ಟುಕೊಳ್ಳುವವರಲ್ಲ ನೀವು. ಅಂದಿನಿಂದ ಅವು ಬೀರುವಿನಲ್ಲಿ ಬಟ್ಟೆಗಳ ಕೆಳಗಿವೆ. ಪುರುಸೊತ್ತಾಗಲಿಲ್ಲ ಎಂದು ಅಕ್ಕನಿಗೆ ಹೇಳುತ್ತಾ ಬಂದಿದ್ದೇನೆ. ಇಂದು ಹೊರತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಸಹಿ ಮಾಡಿ ಇದರ ಜೊತೆಯಲ್ಲೇ ಕಳಿಸಿದರೆ, ನೀವು ಕೋರ್ಟಿಗೆ ಕೊಟ್ಟು ಶಿಫಾರಸು ಬರೆಯಲು ದಿನಗಳಿವೆ. ಒಂದೇ ಲಕೋಟೆಯಲ್ಲಿ ಎರಡೂ ಕೆಲಸ. ಲೆಕ್ಕ ಸರಿಯಾಗಿದೆ, ಆದರೂ ಊಟ ಸೇರಲಿಲ್ಲ.

ನನಗೆ ಓದಬೇಕು. ಅದಕ್ಕೆ ಇದೊಂದೇ ದಾರಿಯಾದರೆ ಇದೇ ಸರಿ. ನಾಳೆ ಸಹಿ ಮಾಡಿ ಅಂಚೆಗೆ ಹಾಕುತ್ತೇನೆ.

ಆರೋಗ್ಯ ನೋಡಿಕೊಳ್ಳಿ. ಅತ್ತೆಯವರಿಗೆ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಹಳೆಯ ಸಹಾಯಕಿ

ಮಂಗಳವಾರ ಸೇರಿಸಿದ್ದು:

ರೀ,

ನಿನ್ನೆ ಬ್ಯೂರೆಟ್ ಮೇಡಂ ಮಗಳ ಕೈ ಹಿಡಿದುಕೊಂಡು ಲ್ಯಾಬಿಗೇ ಬಂದುಬಿಟ್ಟರು. ಪತ್ರಕ್ಕೆ ಉತ್ತರ ಬರೆಯುವುದಕ್ಕಿಂತ ಬರುವುದೇ ಸುಲಭವಾಯಿತಂತೆ. ಶಿಫಾರಸನ್ನು ನನ್ನ ಮೇಜಿನಲ್ಲೇ ಕೂತು ಬರೆದುಕೊಟ್ಟರು, ಇಂದು ಬೆಳಗ್ಗೆ ಅರ್ಜಿ ಹೋಯಿತು. ಮಾತಿನ ನಡುವೆ ನಿಮ್ಮ ಮೇಲಿನ ದೂರನ್ನು, ಎಲ್ಲವನ್ನೂ ಎರಡೆರಡು ಸಲ ನೋಡುತ್ತಿದ್ದಿರೆಂದು, ಅವರ ಕಿವಿಯ ಹತ್ತಿರ ಕೂಗಿ ಹೇಳಿದೆ. ಇಡೀ ಲ್ಯಾಬಿಗೆ ಕೇಳಿಸಿತು. “ನಿಂದು ಎರಡೇ ಸಲನಾ? ತನ್ನದನ್ನೇ ಮೂರು ಸಲ ಮಾಡ್ತಿದ್ದ ಅವನು. ನನ್ನ ಕಾಲದಲ್ಲಿ ಆಸಿಡ್ ಖಾಲಿ ಆಗ್ತಿದ್ದದ್ದೇ ಅವನಿಂದ” ಎಂದರು.

ಕಾಗದಗಳಿಗೆ ಸಹಿ ಮಾಡಿಲ್ಲ, ಈ ಲಕೋಟೆಯಲ್ಲಿ ಇಟ್ಟಿಲ್ಲ. ನಿಮ್ಮ ಶಿಫಾರಸು ಈಗ ಬೇಕಿಲ್ಲವಾದ್ದರಿಂದ ನೀವು ಸಂಬಂಧಿಕರಾಗಿಯೇ ಇರಬಹುದು. ಇರುತ್ತೀರಾ? ಇದು ಉತ್ತರ ಗೊತ್ತಿದ್ದು ಕೇಳುತ್ತಿರುವ ಪ್ರಶ್ನೆಯಲ್ಲ.