ಹೊಲಿಗೆ ಮಷೀನು ತರಬೇಡ, ಹುಲಿಗೆಮ್ಮಜ್ಜಿ

ಎರಡನೆಯ ಬೇಸಿಗೆ, ನಲವತ್ತೊಂದನೆಯ ತಾರೀಖು
ಇಸವಿ ಎರಡು ಸಾವಿರದ ಇನ್ನೂರ ಏಳು

ಹಿರಿಯಳಾದ ಹುಲಿಗೆಮ್ಮನಿಗೆ, ನಿನ್ನಿಂದ ಆರನೆಯ ತಲೆಮಾರಿನ ಚೌಡಮ್ಮ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ತಿಂಗಳುಗಳಿಲ್ಲ. ಒಂದು ಬೇಸಿಗೆ, ಒಂದು ಸಣ್ಣ ಮಳೆ, ಮತ್ತೊಂದು ಬೇಸಿಗೆ, ಅಲ್ಲಿಗೆ ವರ್ಷ ಮುಗಿಯಿತು. ಹಗಲು ಕದ ಹಾಕಿಕೊಂಡು ಮಲಗುತ್ತೇವೆ, ಹೊತ್ತು ಮುಳುಗಿದ ಮೇಲೆ ಹೊಲಕ್ಕೆ ಹೋಗುತ್ತೇವೆ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೋ. ನೀನೀಗ ಇಪ್ಪತ್ತರ ಹುಡುಗಿ, ನನಗೆ ನಲವತ್ತು. ಅಜ್ಜಿ ಎನ್ನಲೋ ಮಗಳೇ ಎನ್ನಲೋ ತಿಳಿಯದೆ ಹಾಳೆ ಹರಿದದ್ದೇ ಆಯಿತು. ಕೊನೆಗೆ ಅಜ್ಜಿ ಎಂದೇ ಬರೆಯುತ್ತಿದ್ದೇನೆ, ಬಯ್ಯುವುದಕ್ಕೂ ಬೇಡುವುದಕ್ಕೂ ಅಜ್ಜಿಯೇ ಅನುಕೂಲ.

ಈ ಕಾಗದ ಬರುತ್ತಿರುವುದು ಹಿಂಟಪಾಲಿನಲ್ಲಿ. ಸತ್ತವರು ಬದುಕಿದ್ದ ಕಾಲಕ್ಕೆ ಕಾಗದ ಒಯ್ಯುವ ಟಪಾಲು ಅದು. ಒಂದು ಮನೆಗೆ ಒಂದೇ ಸಲ ಕೊಡುತ್ತಾರೆ. ಜನ ಅದನ್ನು ಹಾಳು ಮಾಡಿಕೊಳ್ಳುವುದನ್ನು ನೋಡಿದರೆ ನಗು ಬರುತ್ತದೆ. ಎದುರುಮನೆಯ ಬಸಲಿಂಗಮ್ಮ ಸತ್ತ ಅತ್ತೆಗೆ ಎರಡು ಪುಟ ಬೈದು ಕಳಿಸಿ, ಈಗ ಹೊಟ್ಟೆ ತಣ್ಣಗಾಯಿತು ಎಂದಳು. ನನ್ನ ಗಂಡನಂತೂ ಕೆರೆಯ ಮಗ್ಗುಲಿನ ಹೊಲ ಮಾರಬೇಡವೆಂದು ಅವನ ಮುತ್ತಜ್ಜನಿಗೆ ಬರೆಯೋಣವೆಂದು ಕೂತಿದ್ದ. ನಾನು ಬಿಡಲಿಲ್ಲ. ಹೊಲವಿದ್ದವರಿಗೆ ಕುಡಿಯಲು ನೀರು ಬೇಡವೇ ಎಂದು ಕೇಳಿದೆ.

ನಮ್ಮ ಕೇರಿಯ ನೀರು ನಿನಗೆ ಗೊತ್ತೇ ಇದೆ. ನಿನ್ನ ಕಾಲದಲ್ಲಿ ಅದು ಹಲ್ಲಿಗೆ ಕಂದು ಕಲೆ ಹಚ್ಚುತ್ತಿತ್ತು, ಈಗ ಮೂಳೆಗೆ ಇಳಿದಿದೆ. ನಿಮ್ಮ ಶುದ್ಧ ನೀರಿನ ಘಟಕಗಳು ನಮ್ಮ ಕಾಲಕ್ಕೆ ನೀರ್ಗೂಡುಗಳಾಗಿವೆ. ಆಳೆತ್ತರದ ಪೆಟ್ಟಿಗೆ, ಬೋರಿನ ವಿಷ ಹೀರಿ ಸಿಹಿನೀರು ಕೊಡುತ್ತದೆ. ಅದರ ಮುಚ್ಚಳಕ್ಕೆ ಬೀಗವಿಲ್ಲ. ಕೆಲಸ ಕಲಿತ ಕೈ ಮುಟ್ಟಿದರೆ ತೆರೆಯುತ್ತದೆ, ಉಳಿದವರು ತಲೆ ಚಚ್ಚಿಕೊಂಡರೂ ತೆರೆಯುವುದಿಲ್ಲ. ಇದಕ್ಕೆ ಕೈಗುರುತು ಎನ್ನುತ್ತೇವೆ. ಕೈಗುರುತು ಇದ್ದವರು ಜೀವಮಾನದಲ್ಲಿ ಇಬ್ಬರಿಗೆ ಮಾತ್ರ, ಕೈ ಮೇಲೆ ಕೈ ಇಟ್ಟು ಕಲಿಸಬಹುದು. ಹೀಗೆ ಕೈಯಿಂದ ಕೈಗೆ ಹಿಂದೆ ಹೋಗುತ್ತ ಹೋದರೆ ಈ ಸೀಮೆಯ ಎಲ್ಲ ಕೈಗಳೂ ನಿಮ್ಮ ತಾಲ್ಲೂಕಿನ ಮೊದಲ ರಿಪೇರಿ ತರಬೇತಿಗೆ, ನೀನಿದ್ದ ತಂಡಕ್ಕೆ ಬಂದು ನಿಲ್ಲುತ್ತವೆ. ಕೇರಿಯಿಂದ ಹೋದವಳು ನೀನೊಬ್ಬಳೇ, ಮುಗಿಸದೆ ಬಂದವಳೂ ನೀನೊಬ್ಬಳೇ.

ಯಾಕೆ ಬಿಟ್ಟೆ ಎಂಬುದನ್ನು ಕೇರಿಯಲ್ಲಿ ಈಗಲೂ ಹೇಳುತ್ತಾರೆ. ಮೇಲಿನೂರಿನ ಘಟಕ ಕೆಟ್ಟಿತ್ತು. ಅಭ್ಯಾಸಕ್ಕೆಂದು ನಿಮ್ಮನ್ನು ಕರೆದೊಯ್ದಾಗ ನೀನೇ ಅದನ್ನು ಬಿಚ್ಚಿ, ತೊಳೆದು, ಜೋಡಿಸಿ ನೀರು ಬರಿಸಿದೆ. ಮರುದಿನ ಊರವರು ಆ ನೀರನ್ನೆಲ್ಲ ಚರಂಡಿಗೆ ಬಿಟ್ಟು, ಮಷೀನಿಗೆ ಅರಿಶಿನದ ನೀರು ಸುರಿದು ಶುದ್ಧ ಮಾಡಿದರು. ಮೋಟರಿನೊಳಗೆ ನೀರು ಹೊಕ್ಕು ಅದು ಮತ್ತೆ ಕೆಟ್ಟಿತಂತೆ; ಕೆಡಲಿ, ಹಾಗೇ ಆಗಬೇಕು. ಕಲಿಸುವ ಮೇಷ್ಟ್ರು ಒಳ್ಳೆಯವರೇ. ಜಗಳ ಯಾಕೆ, ಹೊಲಿಗೆ ತರಬೇತಿಗೆ ಸೇರಮ್ಮ, ಕೊನೆಗೆ ಮಷೀನು ಪುಕ್ಕಟೆ ಕೊಡುತ್ತಾರೆ ಎಂದರು. ನಿನ್ನನ್ನು ನೋಡಿಹೋಗಿದ್ದ ಗಂಡಿನ ಕಡೆಯವರೂ ಅದನ್ನೇ ಹೇಳಿದರು. ಪಾನಾ ಹಿಡಿದು ನಟ್ಟು ಬಿಚ್ಚುತ್ತ ಊರೂರು ಅಲೆಯುವ ಸೊಸೆ ಬೇಡ, ಹೊಲಿಗೆಯವಳಾದರೆ ಈ ವರ್ಷವೇ ಮದುವೆಯ ಅಕ್ಕಿಕಾಳು ಎಂದರು. ನೀನು ಹೂಂ ಅಂದೆ.

ಅಜ್ಜಿ, ಆ ಹೊಲಿಗೆ ಮಷೀನು ಇನ್ನೂ ಇದೆ. ಗೋಡೆಯ ಗೂಡಿನಲ್ಲಿಟ್ಟು ಕುಂಕುಮ ಹಚ್ಚುತ್ತೇವೆ. ನಿನ್ನ ನಂತರ ತರಬೇತಿ ಕೊಡಲು ಯಾರೇ ಬರಲಿ, ಕೇರಿಯ ಹೆಣ್ಣುಮಕ್ಕಳೆಂದರೆ ಹೊಲಿಗೆ ಎಂದು ತೀರ್ಮಾನಿಸಿಕೊಂಡೇ ಬಂದರು. ಈಗ ಮನೆಗೊಂದಲ್ಲ, ಆಳಿಗೊಂದು ಮಷೀನು. ಹೊಲಿಸಿಕೊಳ್ಳುವವರು ಎಲ್ಲಿದ್ದಾರೆ? ಹಳೆಯ ಲಂಗ ಬಿಚ್ಚಿ ಕೌದಿ ಮಾಡುತ್ತೇವೆ, ಕೌದಿ ಬಿಚ್ಚಿ ಚೀಲ ಮಾಡುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಯಾವ ಕೆಸರಿಗೆ ಕೈ ಹಾಕಬೇಕೆಂದು ಬೇರೆಯವರೇ ಹೇಳುತ್ತ ಹೋದರೆ ಮೊಸರು ಎಲ್ಲಿಂದ ಬರಬೇಕು? ನಿಮ್ಮ ಕಾಲದ ಭಾಷಣಗಳಲ್ಲಿ ಒಳಗೊಳ್ಳುವಿಕೆ ಎಂಬ ದೊಡ್ಡ ಶಬ್ದವಿತ್ತಂತೆ. ನನಗೆ ಬೇಕಾದ ಒಳಗು ಆ ಮುಚ್ಚಳದ ಒಳಗು, ಮತ್ತೇನೂ ಬೇಡ.

ನಮ್ಮ ನೀರ್ಗೂಡು ನಿಂತು ಆರು ಬೇಸಿಗೆಯಾಯಿತು. ಮೇಲಿನೂರಿನ ಅಮರೇಶಪ್ಪನಿಗೆ ಕೈಗುರುತಿದೆ. ಕರೆಯಲು ಹೋದಾಗಲೆಲ್ಲ ನಾಳೆ ಬರುತ್ತೇನೆನ್ನುತ್ತಾನೆ, ಚಹಾ ಕೊಡುತ್ತಾನೆ, ಲೋಟ ನಾವೇ ತೊಳೆದು ಕಟ್ಟೆಯ ಮೇಲಿಡಬೇಕು. ಬರಲು ಆಗದಿದ್ದರೆ ನಮ್ಮವರಲ್ಲಿ ಒಬ್ಬರಿಗಾದರೂ ಕಲಿಸೆಂದು ಕಾಲು ಹಿಡಿದೆ. ಅವನು ಸಿಟ್ಟಾಗಲಿಲ್ಲ. "ಇಬ್ರಿಗೇ ಕಲಿಸಾಕ ಬರ್ತದವ್ವ. ನನಗೂ ಎರಡು ಮಕ್ಕಳದಾವ. ನೀನಾಗಿದ್ರ ಏನ್ ಮಾಡ್ತಿದ್ದಿ?" ಎಂದ. ನಾನು ಲೋಟ ತೊಳೆದು ಕಟ್ಟೆಯ ಮೇಲಿಟ್ಟು ಬಂದೆ.

ಬೋರಿನ ನೀರನ್ನೇ ಕುಡಿಯುತ್ತಿದ್ದೇವೆ. ನನ್ನ ಮಗಳು ನೀಲವ್ವನಿಗೆ ಎಂಟು ವರ್ಷ. ಎರಡೂ ಮೊಣಕಾಲು ಒಳಕ್ಕೆ ಬಾಗಿವೆ, ಎದ್ದು ನಿಲ್ಲಬೇಕಾದರೆ ಗೋಡೆ ಹಿಡಿಯುತ್ತಾಳೆ. ಸಂಜೆ ಕಣ್ಣು ಬಿಟ್ಟವಳೇ ನೀರ್ಗೂಡಿನ ತನಕ ತೆವಳಿಕೊಂಡು ಹೋಗಿ ಮುಚ್ಚಳದ ಮೇಲೆ ಅಂಗೈ ಒತ್ತುತ್ತಾಳೆ. ಇವತ್ತು ತೆರೆದರೂ ತೆರೆಯಬಹುದು ಎನ್ನುತ್ತಾಳೆ. ನನಗದನ್ನು ನೋಡಲಾಗುವುದಿಲ್ಲ. ಒಳಗೆ ಹೋಗಿ ಉರಿಯುತ್ತಿರುವ ಒಲೆಯನ್ನೇ ಮತ್ತೆ ಊದುತ್ತೇನೆ.

ಈ ಕಾಗದ ಮುಟ್ಟುವ ಹೊತ್ತಿಗೆ ನೀನು ತರಬೇತಿ ಬಿಟ್ಟು ಮನೆಯಲ್ಲಿ ಕೂತಿರುತ್ತೀಯ. ಕೊನೆಯ ಪರೀಕ್ಷೆ ಇನ್ನೂ ಆಗಿಲ್ಲ, ಬರುವ ಬುಧವಾರ ಇದೆ. ಹೋಗು ಅಜ್ಜಿ. ಬಾಯಾರಿದಾಗ ಬಾವಿ ತೋಡುವವರ ಗತಿ ಏನೆಂದು ನಮ್ಮನ್ನು ನೋಡಿ ತಿಳಿ. ಅವರು ಮಷೀನು ತೊಳೆಯುವುದಾದರೆ ದಿನಾ ತೊಳೆದುಕೊಳ್ಳಲಿ. ನಾಚಿಕೆಪಡಬೇಕಾದವರು ಅವರು, ನೀನಲ್ಲ. ನೀನು ಕೇರಿಯ ಇಬ್ಬರಿಗೆ ಕಲಿಸಿದರೆ ಆ ಇಬ್ಬರು ನಾಲ್ವರಿಗೆ ಕಲಿಸುತ್ತಾರೆ, ನಮ್ಮ ಕಾಲಕ್ಕೆ ಯಾರೂ ಯಾರ ಕಾಲೂ ಹಿಡಿಯಬೇಕಾಗುವುದಿಲ್ಲ.

ಒಂದು ಮಾತು ಮುಚ್ಚಿಡಲಾರೆ. ನೀನು ಹೋದರೆ ಆ ಮದುವೆ ಮುರಿಯಬಹುದು. ಆ ಮದುವೆಯ ಬಳ್ಳಿಯಲ್ಲೇ ನಾನು ಹುಟ್ಟಿದ್ದು, ನನ್ನ ನೀಲವ್ವ ಹುಟ್ಟಿದ್ದು. ಮದುವೆಯೂ ಆಗು, ಪಾನಾವನ್ನೂ ಹಿಡಿ ಎಂದು ಬರೆಯಲು ಕೈ ಓಡುತ್ತದೆ. ಗಂಡಿನವರು ಅದಕ್ಕೊಪ್ಪಿದರೆ ಅವರ ಹೊಟ್ಟೆ ತಣ್ಣಗಿರಲಿ. ಒಪ್ಪದಿದ್ದರೆ ಏನು ಮಾಡು ಎಂದು ಹೇಳಲಿ? ನಾನೂ ತಾಯಿ. ಹೆತ್ತ ಮಗಳನ್ನು ಇಲ್ಲವಾಗಿಸುವ ಕಾಗದವನ್ನು ಯಾವ ತಾಯಿ ಟಪಾಲಿಗೆ ಹಾಕುತ್ತಾಳೆ? ಇಷ್ಟು ಬರೆದು ಮಡಚಿ ತಲೆದಿಂಬಿನ ಕೆಳಗಿಟ್ಟುಕೊಂಡೆ, ಕಳಿಸಲಾಗಲಿಲ್ಲ.

ಇವತ್ತು ನೀಲವ್ವನಿಗೇ ಹೇಳಿಬಿಟ್ಟೆ. ಈ ಕಾಗದ ಹೋದರೆ ಕೇರಿಗೆ ನೀರು ಬರಬಹುದು, ಆದರೆ ನಾನೂ ನೀನೂ ಇಲ್ಲದೇ ಹೋಗಬಹುದು ಎಂದೆ. ಅಳುತ್ತಾಳೆ ಅಂದುಕೊಂಡಿದ್ದೆ. ಗೋಡೆಗೆ ಒರಗಿ ತನ್ನ ಮೊಣಕಾಲು ನೋಡಿಕೊಂಡಳು.

"ಹಂಗಾರ ನಮ್ಮ ಮನ್ಯಾಗ ಬ್ಯಾರೆ ಹುಡುಗಿ ಇರ್ತಾಳೇನ್ ಯವ್ವಾ? ಆಕಿ ಓಡ್ತಾಳೇನು?"

ಓಡುತ್ತಾಳೆ ಎಂದೆ.

"ಹಂಗಾರ ಕಳಸು."

ಕಳಿಸುತ್ತಿದ್ದೇನೆ ಅಜ್ಜಿ. ಬುಧವಾರ ಬಸ್ಸು ಹತ್ತು.

ಇರುವ ತನಕ ನಿನ್ನವಳು,
ಚೌಡಮ್ಮ