ಗಣಿಯೊಳಗಿಂದ ಬಂದ ನನ್ನ ದನಿ

14 ಆಗಸ್ಟ್ 2025, ಗುರುವಾರ

ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಸಂಜೆ ಮುಚ್ಚಿಹೋದ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಹಳೇ ಶಾಫ್ಟಿನ ಹತ್ತಿರ, ಗಣಿಯೊಳಕ್ಕೆ ನೇರ ಇಳಿಯುವ ಆ ಆಳದ ಗುಂಡಿಯ ಪಕ್ಕದಲ್ಲಿ, ಕುರಿ ಮೇಯಿಸುತ್ತಿದ್ದೆ. ಮನೆಗೆ ಹೊರಡುವಾಗ ಎಂದಿನಂತೆ ನಾಲಿಗೆ ಉರುಳಿಸಿ 'ಟ್ರ್ರ್ರೀ' ಎಂದು ಕೂಗಿದೆ. ಎಂಟು ಕುರಿಗಳೂ ನನ್ನ ಕಡೆ ಬಂದವು. ಮರಿ ಮಾತ್ರ ಬರಲಿಲ್ಲ. ಹುಟ್ಟಿದ ದಿನವೇ ತಾಯಿ ಸತ್ತ ಮರಿ ಅದು, ಬಾಟಲಿ ಹಾಲು ಕುಡಿಸಿ ಸಾಕಿದವಳು ನಾನು. ಮತ್ತೆ ಕೂಗಿದೆ. ಆಗ ಗೊತ್ತಾಯಿತು, ನನ್ನ ಕೂಗು ಶಾಫ್ಟಿನ ಆಳದಿಂದ ವಾಪಸ್ ಬರುತ್ತಿತ್ತು. ಮರಿ ಆ ದನಿಯ ಕಡೆ ಹೋಗಿತ್ತು. ಸುತ್ತುಗೋಡೆ ಕುಸಿದ ಜಾಗದಲ್ಲಿ ನಿಂತು, ಕಿವಿ ನಿಮಿರಿಸಿ ಕೆಳಗೆ ಬಗ್ಗಿ ನೋಡುತ್ತಿತ್ತು.

ನಾನು ಕರೆದರೆ ಆ ಗುಂಡಿಯೂ ಕರೆಯುತ್ತದೆ. ಬಾಯಿ ಬಿಗಿಹಿಡಿದು ಅಂಬೆಗಾಲಿಟ್ಟು ಹೋಗಿ ಅದರ ಹಿಂಗಾಲು ಹಿಡಿದುಕೊಂಡೆ. ಮುಂಗಾಲಿನ ಕೆಳಗಿದ್ದ ಕಲ್ಲು ಜಾರಿ ಬಿತ್ತು. ತಳ ಮುಟ್ಟಿದ ಸದ್ದು ಕೇಳಿಸಲೇ ಇಲ್ಲ.

ಅತ್ತೆಗೆ ಏನೂ ಹೇಳಿಲ್ಲ. ಮರಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದದ್ದನ್ನು ನೋಡಿ ನಕ್ಕರು.

"ನಿನ್ ದನೀನೇ ಅದುಕ್ಕೆ ತಾಯಿ ಕಣಮ್ಮಾ. ಎಲ್ಲಿಂದ ಕರುದ್ರೂ ಓಗ್ತದೆ."

ನಾಳೆ ಬೇರೆ ಕಡೆ ಮೇಯಿಸಬಹುದು. ಆದರೆ ಈ ಊರಿನಲ್ಲಿ ಯಾವ ಪೊದೆಯ ಹಿಂದೆ ಯಾವ ಗುಂಡಿ ಇದೆಯೋ.

ಮಂಚದ ಕೆಳಗೆ ಮರಿ ಕೂಗುತ್ತಿದೆ. ದಿನಾ ಮೆಲ್ಲಗೆ 'ಟ್ರ್ರ್ರೀ' ಎಂದರೆ ಸಾಕು, ಮಲಗಿಬಿಡುತ್ತದೆ. ಇವತ್ತು ಬಾಯಿ ತೆರೆಯಲು ಧೈರ್ಯ ಬರುತ್ತಿಲ್ಲ. ಮತ್ತೆ ಕೂಗುತ್ತಿದೆ, ನಾನು ಪೆನ್ನು ಇಟ್ಟು, ಮಂಚದ ಕೆಳಗೆ ಕೈ ಚಾಚಿ ಅದರ ತಲೆ ಸವರುತ್ತೇನೆ.