ತಾನಾಗಿ ಏರಿದ ಎಂಜಿನ್

ಮಾರ್ಚ್ 14, ಶುಕ್ರವಾರ. ನಖೋನ್ ಪಥೋಮ್.

ಆ ಸದ್ದು ಇನ್ನೂ ಕಿವಿಯಲ್ಲೇ ಇದೆ. ನಾಳಿನ ರೇಸಿಗೆಂದು ಅಣ್ಣ ತನಾವುತ್ ಪಿಕಪ್ಪಿನ ಕನ್ನಡಿಗೆ ಮಲ್ಲಿಗೆ ಹಾರ ಕಟ್ಟಿ, ಸಂಜೆ ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿದ. ಪೆಡಲಿನಿಂದ ಕಾಲು ತೆಗೆದರೂ ಅದು ತಾನಾಗಿಯೇ ಅಬ್ಬರಿಸುತ್ತ ವೇಗ ಏರಿಸಿಕೊಂಡಿತು. ಕೀಲಿ ತಿರುಗಿಸಿದ ಮೇಲಷ್ಟೇ ನಿಂತಿತು.

ಆ ಎಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಇಂಧನ ಎಂದು ಹೇಳುವುದು ನಾನೇ ವಿನ್ಯಾಸ ಮಾಡಿ ಬೆಸುಗೆ ಹಾಕಿದ ಎಲೆಕ್ಟ್ರಾನಿಕ್ ಬೋರ್ಡು. ಎಂಜಿನ್ ನಿಂತ ಮೇಲೆ ಅದನ್ನು ಕಳಚಿ, ಬಿಸಿ ಮಾಡಿ, ಅಲುಗಾಡಿಸಿ, ಒಂದೊಂದು ತಂತಿಯನ್ನೂ ಅಳೆದು ನೋಡಿದೆ. ಎಲ್ಲ ಸರಿಯಾಗಿದೆ. ಅದೇ ನನ್ನ ಭಯ. ತಪ್ಪು ಸಿಕ್ಕಿದ್ದರೆ ತಿದ್ದಬಹುದಿತ್ತು.

"ನಾಳೆ ರೇಸು ಬೇಡ ಅಣ್ಣ" ಅಂದೆ.

"ಒಂದ್ಸಲ ಕೆಮ್ಮಿದ್ದಕ್ಕೇ ಆಸ್ಪತ್ರೆಗೆ ಸೇರಿಸ್ತೀಯೇನೇ?" ಎಂದು ನಕ್ಕ.

ನಾನು ನಗಲಿಲ್ಲ. ಅವನು ನನ್ನ ಮುಖ ನೋಡಿದ. "ಸರಿ, ಪಕ್ಕದ ಸೀಟಲ್ಲಿ ನೀನು ಕೂತ್ಕೋತೀಯಾ?"

ನಾನು ಗಾಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಅವನು ಕೀಲಿಯನ್ನು ನನ್ನ ಕೈಗಿಟ್ಟು ಒಳಗೆ ಹೋದ.

ನಾಳೆ ಗಾಡಿ ಹೊರಡುವುದಿಲ್ಲ. ಇನ್ನಾದರೂ ನಿದ್ದೆ ಬರಬೇಕು, ಬರುತ್ತಿಲ್ಲ. ಮೊನ್ನೆ ಇದೇ ಬೋರ್ಡಿದ್ದ ಗಾಡಿ ಓಡಿಸಿ ಅವನು ಮಗಳನ್ನು ಶಾಲೆಗೆ ಬಿಟ್ಟು ಬಂದಿದ್ದ. ಗೇಟಿನ ಮುಂದೆ ಅಷ್ಟೊಂದು ಮಕ್ಕಳು. ಅಲ್ಲೇನಾದರೂ ಅದು ಹೀಗೆ ತಾನಾಗಿ ಏರಿದ್ದರೆ...